ಕೊನೆಯ ಮನೆಯ ಹಸಿರು ಚೀಟಿ

ಕಾಡಿಗೆ ಅಂಟಿಕೊಂಡ ಆ ಬೀದಿಯಲ್ಲಿ ಹದಿನೆಂಟು ಮನೆ. ಹದಿನೆಂಟನೆಯದು ಅಕ್ಕನದು. ಕಾಡ್ಗಿಚ್ಚಿನ ಹಾನಿಯ ಅಂದಾಜು ಮಾಡಲು ಬಂದ ತಮ್ಮ ಮೊದಲನೆಯದರ ಮುಂದೆ ನಿಂತು ನಮೂನೆಯಲ್ಲಿ ಬರೆದ: ‘ಪೂರ್ತಿ ನಾಶ’.

“ಸಾರ್, ಮೊದಲು ಮೇಲಕ್ಕೆ ಹೋಗಿಬರೋಣ,” ಎಂದ ಜೀಪಿನ ಡ್ರೈವರ್. “ಎರಡು ದಿನದಿಂದ ಅಕ್ಕ ಫೋನ್ ಎತ್ತಿಲ್ಲ ಅಂತೀರಿ. ಈ ಬೂದಿ ಎಲ್ಲಿಗೂ ಓಡಿಹೋಗಲ್ಲ.”

“ಸಾಲಾಗಿ ಹೋಗ್ಬೇಕು. ಒಂದೂ ಮನೆ ಬಿಡೋ ಹಾಗಿಲ್ಲ. ಅದು ನಿಯಮ.”

“ನಿಯಮ ಬರೆದೋನಿಗೆ ಅಕ್ಕ ಇರ್ಲಿಲ್ಲ ಅಂತ ಕಾಣುತ್ತೆ.”

ತಮ್ಮ ಎರಡನೆಯ ಮನೆಯ ಕಡೆ ನಡೆದ. ನಿಯಮವೇನೋ ನಿಜವೇ. ಆದರೆ ಹದಿನೇಳು ಮನೆ ಮುಗಿಯುವವರೆಗೆ ಹದಿನೆಂಟನೆಯದನ್ನು ನೋಡಬೇಕಾಗಿಲ್ಲವಲ್ಲ ಎಂಬ ಆಸರೆಯೂ ಅದರಲ್ಲಿತ್ತು. ನಿರಾಶ್ರಿತರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಹುಡುಕುವ ದಳ ಇನ್ನೂ ಬೀದಿಯ ಕೆಳತುದಿಯ ಸುಟ್ಟ ಮನೆಗಳಲ್ಲೇ ಇತ್ತು.

ಬೇಸಿಗೆಗೆ ಮುಂಚೆ ಬೆಂಕಿ ಸುರಕ್ಷತೆಯ ತಪಾಸಣೆಗೆ ಟೇಪು ಹಿಡಿದು ಬಂದವನೂ ಅವನೇ. ಅಕ್ಕನ ಮನೆಯ ಸುತ್ತ ಮೂವತ್ತು ಅಡಿ ಅಳೆದು, ಪೊದೆ ಸವರಿಸಿ, ಗೋಡೆಗೊರಗಿದ್ದ ಸೌದೆ ತೆಗೆಸಿ, ಬಳ್ಳಿಯ ಚಪ್ಪರ ಕಡಿಸಿ, ಗಾಳಿಕಿಂಡಿಗಳಿಗೆ ಜಾಲರಿ ಹೊಡೆಸಿದ್ದ. ಬಾಗಿಲಿಗೆ ‘ಸುರಕ್ಷಿತ’ ಎಂಬ ಹಸಿರು ಚೀಟಿ ಅಂಟಿಸಿ, “ಊರಿಗೆ ಊರೇ ಸುಟ್ಟರೂ ನಿನ್ನ ಮನೆ ಅಲ್ಲಾಡಲ್ಲ ಅಕ್ಕ,” ಎಂದಿದ್ದ.

“ನನ್ನ ಬಳ್ಳಿ ಕಡಿಸಿದ ಪಾಪಕ್ಕೆ ಅಷ್ಟಾದ್ರೂ ಆಗ್ಲಿ ಬಿಡೋ, ಕಟುಕ!”

ಬೆಂಕಿ ಬಂದ ಮಧ್ಯಾಹ್ನ ಅವಳೇ ಫೋನ್ ಮಾಡಿದ್ದಳು. “ಬೀದಿಯೋರೆಲ್ಲ ಹೊರಟ್ರು. ನಾನು ಇಲ್ಲೇ ಇರ್ತೀನಿ ಕಣೋ. ನೀನೇ ಚೀಟಿ ಅಂಟಿಸಿದ್ದೀಯಲ್ಲ.”

“ಅಕ್ಕಾ, ಹೊರಡು! ಆ ಚೀಟಿ ಮನೆಗೆ ಮಾತ್ರ—” ಎನ್ನುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ಅವಳಿಗೆ ಎಷ್ಟು ಕೇಳಿಸಿತ್ತೋ.

ಒಂಬತ್ತನೆಯ ಮನೆಯಲ್ಲಿ ಮೆಟ್ಟಿಲು ಮಾತ್ರ ಉಳಿದು ಆಕಾಶದ ಕಡೆ ಹತ್ತಿತ್ತು. ಹನ್ನೆರಡರಲ್ಲಿ ಕಬ್ಬಿಣದ ಮಂಚ. ಹದಿನೇಳನೆಯದರ ಬೂದಿಯಲ್ಲಿ ನಿಂತು ತಮ್ಮ ಕಣ್ಣು ಮುಚ್ಚಿದ. ದೇವರೇ, ಅವಳ ಮನೆಯೂ ಸುಟ್ಟಿರಲಿ. ಉರಿ ಕಂಡು ಅವಳು ಓಡಿಹೋಗಿರಲಿ. ನನ್ನ ಮಾತೊಂದು ಸುಳ್ಳಾಗಲಿ.

“ನಿಂತಿದೆ ಸಾರ್! ನಿಂತಿದೆ!” ಡ್ರೈವರ್ ಕೂಗಿದ.

ನಿಂತಿತ್ತು. ಸುತ್ತಲಿನ ಕರಕಲು ನೆಲ, ಟೇಪು ಹಿಡಿದು ಅಳೆದಂತೆ, ಮೂವತ್ತು ಅಡಿ ದೂರದಲ್ಲೇ ಮುಗಿದಿತ್ತು. ಕಿಟಕಿಯ ಒಂದು ಗಾಜೂ ಬಿರುಕು ಬಿಟ್ಟಿರಲಿಲ್ಲ.

ಚಿಕ್ಕಂದಿನಿಂದ ಅವರದೊಂದು ರೂಢಿ: ಹೊರಗಿನಿಂದ ಬಂದವರು ಅಪ್ಪ ಕಲಿಸಿದ ಪದ್ಯದ ಮೊದಲರ್ಧ ಹೇಳಬೇಕು, ಒಳಗಿದ್ದವರು ಉಳಿದರ್ಧ ಹೇಳಿ ಬಾಗಿಲು ತೆಗೆಯಬೇಕು. ತಮ್ಮ ಬಾಗಿಲ ಮುಂದೆ ನಿಂತು ಮೊದಲರ್ಧ ಹೇಳಿದ. ಕಾದ. ಇನ್ನೊಮ್ಮೆ ಹೇಳಿದ, ರಾಗ ಹೋಗಿ ಅರಚಾಟವಾಯಿತು. ಒಳಗಿಂದ ಉಸಿರೂ ಇಲ್ಲ.

ಇಬ್ಬರೂ ಭುಜ ಕೊಟ್ಟು ನೂಕಿದರು. ಸಂದಿಗೆ ತುರುಕಿದ್ದ ಟವೆಲ್ಲುಗಳು ನೀರಾರಿ ಬಡಿಗೆಯಂತೆ ಸೆಟೆದಿದ್ದವು. ಒಳಗೆಲ್ಲ ಹೊಗೆಯ ಕಮಟು. ನಡುಮನೆಯ ಗೋಡೆಗೆ ಒರಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಡಿಲಲ್ಲಿ ಫೋನ್ ಇಟ್ಟುಕೊಂಡು ಅಕ್ಕ ಕೂತಿದ್ದಳು. ಮೈಮೇಲೆ ಒಂದು ಸುಟ್ಟ ಕಲೆಯಿಲ್ಲ. ಕೈ ಮುಟ್ಟಿದ. ತಣ್ಣಗಿತ್ತು.

ಡ್ರೈವರ್ ಹುಡುಕುವ ದಳಕ್ಕೆ ಹೇಳಿ ವಾಪಸ್ ಬಂದಾಗ ತಮ್ಮ ನಮೂನೆ ಬಿಡಿಸಿಕೊಂಡು ಅವಳ ಪಕ್ಕದಲ್ಲೇ ಕೂತಿದ್ದ. ಅದರಲ್ಲಿ ಛಾವಣಿ, ಗೋಡೆ, ಕಿಟಕಿಗಳಿಗಷ್ಟೇ ಕಾಲಂಗಳಿದ್ದವು.

“ಕೊಡಿ ಸಾರ್, ನಾನು ಬರೀತೀನಿ.”

“ಬೇಡ. ಚೀಟಿ ಅಂಟಿಸಿದೋನು ನಾನು.”

‘ಹಾನಿ ಇಲ್ಲ’ ಎಂಬುದಕ್ಕೆ ಗುರುತು ಹಾಕಿದ. ಎದ್ದು ಬಾಗಿಲ ಬಳಿ ಹೋಗಿ ಹಸಿರು ಚೀಟಿಯ ಅಂಚಿಗೆ ಉಗುರು ಕೊಟ್ಟ. ಗಟ್ಟಿಯಾಗಿ ಅಂಟಿಸಿದ್ದ, ಬರಲಿಲ್ಲ. ಕೆರೆಯುತ್ತಲೇ ಇದ್ದ.