ಎಂಟನೆಯ ಮೂರು

ವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ರಾಜೇಶ್ವರಿ ಟೀಚರ್‌ಗೆ 31, 331, 3331 ಎಂಬ ಸಾಲು ಬಲು ಪ್ರೀತಿ. ಬೇಸಿಗೆ ರಜೆಯೆಲ್ಲ ಕೂತು ಏಳು ಮೂರುಗಳವರೆಗೆ ಪರೀಕ್ಷಿಸಿದ್ದರು. ಎಲ್ಲವೂ ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ಭಾಗವಾಗುವುದಿಲ್ಲ. ಒಂದರ ಎಡಕ್ಕೆ ಎಷ್ಟು ಮೂರು ಸೇರಿಸಿದರೂ ಹೀಗೇ ಎಂದು ಶಹಾಬಾದ ಕಲ್ಲಿನ ಮೇಲೆ ಕೆತ್ತಿಸಿ ಶಾಲೆಯ ಬಾಗಿಲಲ್ಲಿ ನಿಲ್ಲಿಸಿದರು.

ಹೊಸದಾಗಿ ಬಂದ ಜಬೀನಾ ಟೀಚರ್ ಅದನ್ನು ಓದಿ, “ಎಂಟು ಮೂರು ಹಾಕಿ ನೋಡೀರೇನ್ರಿ ಮೇಡಂ?” ಎಂದು ಕೇಳಿದರು.

“ಏಳರತನಕ ನೋಡೀನ್ರಿ. ಮುಂದ ಕೆಡ್ತದೇನ್ರಿ?”

“ಹದಿನೇಳರಿಂದ ಭಾಗಿಸ್ರಿ.”

ರಾಜೇಶ್ವರಿ ಸೀಮೆಸುಣ್ಣದಿಂದ ನೆಲದ ಮೇಲೆಯೇ 333333331 ಬರೆದು ಭಾಗಿಸಿದರು. ಉತ್ತರ 19607843, ಶೇಷ ಸೊನ್ನೆ. ಮತ್ತೊಮ್ಮೆ ಮಾಡಿದರು, ಮತ್ತೆ ಸೊನ್ನೆ. ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಕಲ್ಲು ತೆಗಸೋಣೇನ್ರಿ?” ಜಬೀನಾ ಮೆಲ್ಲಗೆ ಕೇಳಿದರು.

ರಾಜೇಶ್ವರಿ ಕೈಗೆ ಹತ್ತಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು. “ಬ್ಯಾಡ್ರಿ. ಏಳು ಸಲ ಖರೇ ಆಗಿದ್ದು ಎಂಟನೇ ಸಲ ಸುಳ್ಳಾಗ್ತದಂತ ನನಗ ಅನಿಸಿದ್ದೇ ಇಲ್ಲ. ಹುಡುಗರಾದ್ರೂ ಈ ಕಲ್ಲು ನೋಡಿ ಈಗ್ಲೇ ಕಲೀಲಿ.”

ಮರುದಿನ ಹತ್ತನೇ ತರಗತಿಯವರನ್ನು ಕಲ್ಲಿನ ಮುಂದೆ ಕೂರಿಸಿ ಅದೇ ಭಾಗಾಕಾರ ಮಾಡಿಸಿದರು. ಸೊನ್ನೆ ಬಂದಾಗ ಮಕ್ಕಳು ಒಮ್ಮೆ ಕಲ್ಲನ್ನೂ ಒಮ್ಮೆ ಟೀಚರ್ ಮುಖವನ್ನೂ ನೋಡಿದರು.