ಹಳ್ಳಕ್ಕೆ ಬಿಟ್ಟ ಜಾಗ

ಮಳೆ ಬಂದರೆ ಕೆಸರು, ಮಳೆ ನಿಂತರೆ ಸೊಳ್ಳೆ. ನಮ್ಮ ಹೊಸ ಬಡಾವಣೆಯ ಹಿಂದಿದ್ದ ಖಾಲಿ ಜಾಗಕ್ಕೆ ನಾವು ಹೆಂಗಸರು ದಿನಾ ಶಾಪ ಹಾಕುತ್ತಿದ್ದೆವು. ಮೆದೆಯಿನ್ ನಗರದ ಗುಡ್ಡದ ಮೇಲೆ ಮಣ್ಣು ಕುಸಿದು ಮನೆ ಕಳೆದುಕೊಂಡ ನಲವತ್ತು ಕುಟುಂಬಗಳು ನಾವು. ನಮಗೆ ಇಲ್ಲಿ ಕೆಳಗೆ ಮನೆ ಕಟ್ಟಿಕೊಟ್ಟಾಗ ಮನೆಗಳಿಗೂ ಹಳ್ಳಕ್ಕೂ ನಡುವೆ ಅಗಲವಾದ ಜಾಗವನ್ನು ಹಾಗೇ ಬಿಟ್ಟಿದ್ದರು. ಅಲ್ಲಿ ಬಿದಿರು, ಜೊಂಡು, ಮೊಣಕಾಲೆತ್ತರದ ಹುಲ್ಲು. ನಕ್ಷೆಯಲ್ಲಿ ಅದಕ್ಕೆ ಹಸಿರು ಬಳಿದಿದ್ದರು. ನಮ್ಮ ಕಣ್ಣಿಗೆ ಅದು ಬರೀ ಪಾಳು.

ನಾನು ಆಂಪಾರೊ. ನನ್ನ ಗಂಡ ಅರ್ಸೇಸಿಯೊ ಗಾರೆ ಕೆಲಸದವನು. ಗುಡ್ಡದ ಮೇಲೆ ಬೀದಿ, ಮೆಟ್ಟಿಲು, ಚರಂಡಿ ಎಲ್ಲವನ್ನೂ ನಾವೇ ಕೊನ್ವಿತೆ ಸೇರಿ ಕಟ್ಟಿಕೊಂಡವರು. ಭಾನುವಾರ ಮನೆಗೊಬ್ಬರು ಬಂದು ದುಡಿಯಬೇಕು. ಬೀದಿಯಲ್ಲೇ ಒಲೆ ಹೂಡಿ, ಹಂಡೆಯಲ್ಲಿ ಕೋಳಿ, ಬಾಳೆಕಾಯಿ, ಮರಗೆಣಸು ಬೇಯಿಸಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಅದೇ ಕೊನ್ವಿತೆ. ಹುಟ್ಟಿದಾಗಿನಿಂದ ಕೆಸರು ತುಳಿದವರಿಗೆ ಸಿಮೆಂಟೇ ಮರ್ಯಾದೆ. ಕೂಡಿ ಕಟ್ಟುವ ನಮ್ಮ ಆ ಒಳ್ಳೆಯ ಗುಣವೇ ನಮ್ಮನ್ನು ಕೆಡಿಸಿತು.

ಹೋದ ವರ್ಷ ಅರ್ಸೇಸಿಯೊ ಎಲ್ಲರನ್ನೂ ಕರೆದ. ಅರ್ಧ ಜಾಗದ ಬಿದಿರು ಕಡಿದು, ಜಲ್ಲಿ ತುಂಬಿ ಮನೆ ಬಾಗಿಲ ಮಟ್ಟಕ್ಕೆ ಎತ್ತರಿಸಿ, ಕಾಂಕ್ರೀಟ್ ಹಾಕುವುದೆಂದಾಯಿತು. ಬಡಾವಣೆಯ ಆರೋಗ್ಯ ಕಾರ್ಯಕರ್ತೆ ನೊಯೆಮಿ ಒಬ್ಬಳೇ ಅಡ್ಡ ನಿಂತಳು.

"ಅಣ್ಣ, ಇದು ಪಾಳಲ್ಲ. ಹಳ್ಳ ಉಕ್ಕಿದ್ರೆ ನೀರು ಹರಡ್ಕೊಳ್ಳೋಕೆ ಬಿಟ್ಟಿರೋ ಜಾಗ."

"ಆ ಹಳ್ಳಾನಾ? ಅದರಲ್ಲಿ ಕೋಳಿಮರಿ ಮುಳುಗಲ್ಲ ಕಣಮ್ಮ!" ಅಂದ ನನ್ನ ಗಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ನೊಯೆಮಿಗೆ ಹಾವು ಸಾಕೋ ಆಸೆ," ಎಂದು ಮೂಲೆಮನೆಯ ಬೆರೆನೀಸೆ ಛೇಡಿಸಿದಳು. ಬಾಗಿಲಲ್ಲೇ ಮೆಕ್ಕೆಜೋಳದ ರೊಟ್ಟಿ ಸುಟ್ಟು ಮಾರುತ್ತಿದ್ದ ಅವಳ ಬಾಯಿ ಬಲು ಜೋರು, ಮನಸ್ಸು ಬೆಣ್ಣೆ. ಮೊದಲ ಭಾನುವಾರ ನಾನು ಬಟ್ಟಲು ತುಂಬಾ ಸಾರು ಒಯ್ದು ಕೊಟ್ಟರೆ ನೊಯೆಮಿ ಮುಟ್ಟಲಿಲ್ಲ. ನಮ್ಮಲ್ಲಿ ಕೊನ್ವಿತೆಯ ಸಾರು ಬೇಡವೆನ್ನುವುದು ಕೆನ್ನೆಗೆ ಹೊಡೆದಂತೆ. ಆಮೇಲೆ ತಿಂಗಳುಗಟ್ಟಲೆ ಅವಳನ್ನು ಯಾರೂ ಮಾತಾಡಿಸಲಿಲ್ಲ.

ಮೂರು ಭಾನುವಾರದಲ್ಲಿ ಕೆಲಸ ಮುಗಿಯಿತು. ಬೆರೆನೀಸೆಯ ಬಾಗಿಲಿನಿಂದ ಹಳ್ಳದವರೆಗೂ ನುಣುಪಾದ ನೆಲ.

ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮೇಲಿನ ಗುಡ್ಡದಲ್ಲಿ ಮಳೆ ಸುರಿಯಿತು. ಹಳ್ಳ ಉಕ್ಕಿತು. ಹರಡಲು ಜಾಗ ಸಾಲದ ನೀರು ಕಾಂಕ್ರೀಟಿನ ಮೇಲೆ ನೇರವಾಗಿ ಮೂಲೆಮನೆಗೆ ನುಗ್ಗಿತು. ಒಲೆ ಆರಿಸಲು ಒಳಗೆ ಹೋದ ಬೆರೆನೀಸೆ ಹೊರಗೆ ಬರಲಿಲ್ಲ.

ಅವಳು ಸತ್ತ ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಕಾಫಿ ಕುಡಿಯುವಾಗ ಅರ್ಸೇಸಿಯೊ ಎದ್ದು ನಿಂತ.

"ಅರ್ಧ ಬಿಟ್ಟಿದ್ದೇ ತಪ್ಪಾಯ್ತು. ಎಲ್ಲಾ ಹಾಸಿದ್ರೆ ನೀರು ಹರಿದು ಹೋಗ್ತಿತ್ತು. ಬರೋ ಭಾನುವಾರ ಉಳಿದಿದ್ದೂ ಮುಗಿಸೋಣ."

ಜನ ತಲೆಯಾಡಿಸಿದರು. ನನಗೆ ಅದು ಸರಿ ಕಾಣಲಿಲ್ಲ. ನಾನೇ ಹೋಗಿ ನೊಯೆಮಿಯನ್ನು ಕರೆತಂದೆ. ಅವಳು ಎರಡು ಬಕೆಟ್ ನೀರು ಹಿಡಿದು ನನ್ನ ಗಂಡನನ್ನು ಹಿತ್ತಲಿಗೆ ಕರೆದಳು. ಒಂದನ್ನು ಕಾಂಕ್ರೀಟಿನ ಮೇಲೆ ಸುರಿದಳು. ನೀರು ಸರ್ರನೆ ಹರಿದು ಬೆರೆನೀಸೆಯ ಹೊಸ್ತಿಲಿಗೆ ಹೋಗಿ ನಿಂತಿತು. ಇನ್ನೊಂದನ್ನು ಬಿದಿರಿನ ಬುಡಕ್ಕೆ ಸುರಿದಳು. ಉಸಿರೆಳೆಯುವಷ್ಟರಲ್ಲಿ ನೆಲ ಕುಡಿದುಬಿಟ್ಟಿತು.

ಅರ್ಸೇಸಿಯೊ ತಾನೇ ಇನ್ನೊಂದು ಬಕೆಟ್ ತಂದು ಸುರಿದ. ಮತ್ತೊಂದು ತಂದ. ಆಮೇಲೆ ಅಲ್ಲೇ ಕುಸಿದು ಕೂತ.

"ಹಂಗಾದ್ರೆ ನಾನೇ ಕೊಂದೆ ಅಂತೀಯಾ, ನೊಯೆಮಿ?"

"ಹಂಗಂತ ನಾನಂದಿಲ್ಲ ಅಣ್ಣ. ಉಳಿದಿದ್ದನ್ನ ಮುಟ್ಟಬೇಡ, ಅಷ್ಟೇ."

"ಹಾಕಿದ್ದನ್ನ ಒಡೆದ್ರೆ?"

"ಒಡಿ. ಆದ್ರೆ ಮೊದಲಿನ ಹಂಗೆ ಆಗುತ್ತೆ ಅಂತ ನಾನು ಹೇಳಲಾರೆ."

ಭಾನುವಾರ ಪಿಕಾಸಿ ಹಿಡಿದು ಬಂದವರು ಏಳೇ ಮಂದಿ. ಉಳಿದವರು ಕಿಟಕಿಯಿಂದ ನೋಡಿದರು. ಕಟ್ಟುವುದಕ್ಕೆ ನಲವತ್ತು ಮನೆ ಬರುತ್ತದೆ, ತಪ್ಪು ಒಪ್ಪಿಕೊಳ್ಳುವುದಕ್ಕೆ ಯಾರು ಬರುತ್ತಾರೆ? ಕಾಂಕ್ರೀಟ್ ಒಡೆದೆವು. ಅಡಿಯಲ್ಲಿ ನಾವೇ ತುಂಬಿ ಗುದ್ದಿ ಗಟ್ಟಿ ಮಾಡಿದ ಜಲ್ಲಿ. ಅದನ್ನೂ ಅಗೆದು ತೆಗೆದೆವು. ಅದರಡಿಯ ಮಣ್ಣು ಸತ್ತಿತ್ತು. ಬೇರಿಲ್ಲ, ಹುಳುವಿಲ್ಲ, ನೀರು ಸುರಿದರೆ ಇಂಗುವುದಿಲ್ಲ. ಅಲ್ಲಿ ಮತ್ತೆ ನೆಟ್ಟ ಬಿದಿರಿನಲ್ಲಿ ಹೆಚ್ಚಿನವು ಒಣಗಿದವು. ಅಕ್ಟೋಬರ್ ಮಳೆ ಹತ್ತಿರ ಬಂದಿದೆ. ಮೋಡ ಕಟ್ಟಿದಾಗಲೆಲ್ಲ ನನ್ನ ಗಂಡ ಹಿತ್ತಲಲ್ಲಿ ಹೋಗಿ ನಿಲ್ಲುತ್ತಾನೆ. ಕರೆದರೂ ಒಳಗೆ ಬರುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನಮ್ಮದು ಅದೇ ಪಾಡು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹೊಸ ಬಡಾವಣೆಯಲ್ಲೂ ಇಂಥ ಒಂದು ಜಾಗ ಬಿಟ್ಟಿರಬಹುದು. ಹುಲ್ಲು, ಪೊದೆ, ಕೆಸರು, ಸೊಳ್ಳೆ ಎಲ್ಲ ಅಲ್ಲಿರಬಹುದು. ಕಸ ಎಸೆಯಬೇಡಿ. ನೀರು ನಿಲ್ಲುವ ಡಬ್ಬಿ, ಟೈರು ಇದ್ದರೆ ಎತ್ತಿಹಾಕಿ. ಅಷ್ಟು ಸಾಕು. ಅದನ್ನು ಚೆಂದ ಮಾಡಲು ಯಾರಾದರೂ ಸಿಮೆಂಟು ತಂದರೆ ನೊಯೆಮಿಯಂತೆ ಅಡ್ಡ ನಿಲ್ಲಿ. ನಕ್ಕರೆ ನಗಲಿ, ಮಾತು ಬಿಟ್ಟರೆ ಬಿಡಲಿ. ನಾವು ಅದನ್ನು ಕೆಡಿಸಿದ್ದು ಮೂರು ಭಾನುವಾರದಲ್ಲಿ. ಮತ್ತೆ ಮಾಡಲು ನಮ್ಮ ಆಯುಷ್ಯ ಸಾಲದು.