ಮೇಕೆಗಳನ್ನು ಬಿಡದ ಹೊಗಳಿಕೆ

ಗಾಲೆಬೊಯೆಗೆ ಬೆಳಗಿನಿಂದ ಜೀವದಲ್ಲಿ ಜೀವವಿರಲಿಲ್ಲ. ಊರ ಕೊಳವೆಬಾವಿಯ ಉಸ್ತುವಾರಿ ಅವಳ ಕೈಯಲ್ಲೇ ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತು ಊರವರು ಸೇರಿ ನ್ಯಾಯ ತೀರಿಸುವ ಕ್ಗೊಟ್ಲಾ ಬಯಲಿನಲ್ಲಿ, ಊರ ಒಡೆಯನ ಮುಂದೆ, ತೀರ್ಮಾನವಾಗಬೇಕಿತ್ತು. ಬಾವಿಗೆ ನೀರೆತ್ತುವ ಎಂಜಿನ್ ಕೊಡಿಸಿದ ಸಂಸ್ಥೆಯವರು ಈ ಸಲ ಪ್ರಶ್ನೆಪಟ್ಟಿ ಹಿಡಿದು ಮನೆಮನೆ ಅಲೆದಿರಲಿಲ್ಲ. "ಕೆಲಸ ಹೆಂಗೆ ನಡೆದಿದೆ ಅಂತ ನಿಮ್ಮ ಪದ್ಧತೀಲೇ ತೂಗಿ ನೋಡಿ, ನಾವು ಕೂತು ಕಲೀತೀವಿ" ಎಂದಿದ್ದರು. ಕೊನೆಗೂ ಬುದ್ಧಿ ಬಂತು, ಬಿಡಿ.

ಊರ ಪದ್ಧತಿ ಎಂದರೆ ಹೊಗಳುಭಟ ಟಿರೋ. ಆ ಮುದುಕ ಬಾಯಿ ತೆರೆದರೆ ಒಡೆಯನೂ ಬೆವರುತ್ತಾನೆ, ಏಕೆಂದರೆ ಹೊಗಳಿಕೆಯ ನಡುವೆ ತಪ್ಪನ್ನೂ ಹಾಡಲೇಬೇಕು. ಹಾಡು ಮುಗಿದಾಗ ಹೆಂಗಸರು ನಾಲಿಗೆ ಕುಣಿಸಿ ಹರ್ಷದ ಕೂಗು ಹಾಕಿದರೆ ಕೆಲಸ ಊರಿಗೆ ಒಪ್ಪಿಗೆ. ಮೊದಲ ಕೂಗು ಮಾತ್ರ ಆ ಕೆಲಸದಿಂದ ನೊಂದವರದೇ ಆಗಬೇಕು. ಅವರು ಸುಮ್ಮನಿದ್ದರೆ ಊರೆಲ್ಲ ಸುಮ್ಮನೆ.

ನೊಂದ ವಿಧವೆ ಮ್ಮಾ ತೆಬೊ ಕಂಬಳಿ ಹೊದ್ದು ಎದುರಿಗೇ ಕೂತಿದ್ದಳು.

"ಏನೇ, ಉಪ್ಪಿಲ್ಲದ ಗಂಜಿ ಕುಡಿದಂಗಿದೆ ಮುಖ?" ಪಕ್ಕದಲ್ಲಿದ್ದ ಬೊಂತ್ಲೆ ಗಾಲೆಬೊಯೆಯನ್ನು ಕಿಚಾಯಿಸಿದಳು.

"ಬಾಯ್ಮುಚ್ಕೊಂಡು ಕೂತ್ಕೋ."

ಟಿರೋ ಎದ್ದ. "ಸಿಂಹದ ಕುಲದ ಮಗಳು, ಕಬ್ಬಿಣದ ಹಸು ಕರೆದವಳು! ನೀರು ಕುಡಿಸಿದಳು ಊರಿಗೆಲ್ಲ, ದನಕ್ಕೆಲ್ಲ. ನೆಂಟರ ಮನೆ ಮದುವೆ ಮಾತಿಗೆ ಹೋದಳು, ಎಂಜಿನ್ನಿಗೆ ಬೀಗ ಜಡಿದಳು, ಮರಳೋದನ್ನ ಮರೆತಳು. ಮ್ಮಾ ತೆಬೊ ಮೇಕೆಗಳು ಒಣ ತೊಟ್ಟಿ ನೆಕ್ಕಿ ಸತ್ತವು!"

ನಾಚಿಕೆಗಿಂತ ದೊಡ್ಡದೊಂದು ಬೆರಗು ಗಾಲೆಬೊಯೆಯನ್ನು ಹಿಡಿದು ಕೂರಿಸಿತು. ಅವಳು ಮಾಡಿದ್ದು, ಮಾಡದೆ ಬಿಟ್ಟದ್ದು ಎರಡೂ ಒಂದೇ ಹಾಡಿನಲ್ಲಿ ಎದ್ದು ನಿಂತಿದ್ದವು. ಹೆತ್ತ ತಾಯಿಯೂ ತನ್ನನ್ನು ಇಷ್ಟು ಪೂರ್ತಿಯಾಗಿ ನೋಡಿರಲಿಲ್ಲ ಎನಿಸಿತು.

ಯಾರೂ ಕೂಗಲಿಲ್ಲ. ಎಲ್ಲರ ಕಣ್ಣೂ ವಿಧವೆಯ ಮೇಲೆ.

"ಟಿರೋ," ಎಂದಳು ಮ್ಮಾ ತೆಬೊ ಕೂತಲ್ಲಿಂದಲೇ, "ಮೇಕೆಗಳು ಅಂದ್ರೆ ಯಾವ ಮೇಕೆಗಳಯ್ಯ? ಒಂದು ಕರಿ ಕಿವೀದು. ಇನ್ನೊಂದು ಗಬ್ಬದ್ದು. ಸರಿಯಾಗಿ ಹಾಡು."

ಮುದುಕ ತಲೆಬಾಗಿ ಮೊದಲಿಂದ ಹಾಡಿದ. ಕರಿ ಕಿವಿಯದು ಬಂತು, ಗಬ್ಬದ ಮೇಕೆ ಬಂತು, ಹುಟ್ಟದೇ ಹೋದ ಮರಿಯೂ ಬಂತು. ಸಂಸ್ಥೆಯವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಹಾಡು ನಿಂತಿತು. ಮ್ಮಾ ತೆಬೊ ಕಂಬಳಿ ಸರಿಸಿ ನಿಧಾನಕ್ಕೆ ಎದ್ದು ನಿಂತು, ಒಡಕು ದನಿಯಲ್ಲಿ ನಾಲಿಗೆ ಕುಣಿಸಿ ಕೂಗಿದಳು. ಊರೆಲ್ಲ ದನಿಗೂಡಿಸಿತು. ಗಾಲೆಬೊಯೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಕೆಲಸ ಅವಳಿಗೇ ಉಳಿದಿತ್ತು, ಸತ್ತ ಮೇಕೆಗಳ ಸಮೇತ.